ಎಂಟುನೂರು ಮೀಟರು, ಒಂದು ಸೀಟು

ಕಾಲೇಜೊಂದರ ಕ್ರೀಡಾ ವಿಭಾಗಕ್ಕೆ ಹೊಸದಾಗಿ ನಿರ್ದೇಶಕಿಯಾಗಿ ಸೇರಿದ ಹುಡುಗಿಯೊಬ್ಬಳು ಕಳೆದ ತಿಂಗಳು ಮಯೂರ್ ವಿಹಾರದ ನಮ್ಮ ಮನೆಗೆ ಬಂದಿದ್ದಳು. ಹಾಸನದ ಕಡೆಯವಳು. ಉಪ್ಪಿಟ್ಟು ತಿನ್ನುತ್ತಾ, “ಈ ಕೆಲಸದಲ್ಲಿ ತುಂಬಾ ಕಷ್ಟದ್ದು ಯಾವುದು ಆಂಟಿ?” ಎಂದು ಕೇಳಿದಳು. “ಜೂನ್ ತಿಂಗಳು” ಎಂದೆ. ದೆಹಲಿಯ ಬಿಸಿಲಿನ ಮಾತು ಎಂದುಕೊಂಡು ನಕ್ಕಳು.

ನಾನು ಹೇಳಿದ್ದು ಬಿಸಿಲಿನ ಮಾತಲ್ಲ. ಜೂನ್ ಕೊನೆಯಲ್ಲಿ ಕ್ರೀಡಾ ಕೋಟಾದ ಆಯ್ಕೆ ನಡೆಯುತ್ತದೆ. ಅಂಥ ಒಂದು ಬೆಳಗ್ಗೆ ನಾನು ಕಣ್ಣು ಮುಚ್ಚಿಕೊಂಡು ಹಾಕಿದ ಒಂದು ಸಹಿ ಮೂರು ಹುಡುಗಿಯರ ಬದುಕನ್ನು ಬೇರೆ ಬೇರೆ ದಿಕ್ಕಿಗೆ ಎಸೆಯಿತು. ಅದನ್ನು ಅವಳಿಗೆ ಆ ದಿನ ಹೇಳಲು ಬಾಯಿ ಬರಲಿಲ್ಲ. ಹೇಳಲಾಗದ್ದನ್ನು ಬರೆಯಬಹುದು ಎಂದು ಕೂತಿದ್ದೇನೆ.

ನಾನು ಕರ್ನಾಟಕದಲ್ಲಿದ್ದಾಗ ಖೋಖೋ ಆಡಿದವಳು. ಮದುವೆಯಾಗಿ ದೆಹಲಿಗೆ ಬಂದೆ. ಯಜಮಾನರು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಗುಮಾಸ್ತರು. ನಿವೃತ್ತರಾಗುವವರೆಗೂ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದೆವು. ದಕ್ಷಿಣ ದೆಹಲಿಯ ಒಂದು ಮಹಿಳಾ ಕಾಲೇಜಿನಲ್ಲಿ ನನಗೆ ದೈಹಿಕ ಶಿಕ್ಷಣ ನಿರ್ದೇಶಕಿಯ ಕೆಲಸ ಸಿಕ್ಕಿತು. ನಿರ್ದೇಶಕಿ ಎಂದ ಕೂಡಲೇ ಜನ ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನನ್ನ ಕೈಕೆಳಗೆ ಇದ್ದವರು ಒಬ್ಬರೇ, ಮೈದಾನದ ಮಾಲಿ ರಾಮ್‌ಫಲ್. ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ನಾವಿಬ್ಬರೂ ಸೇರಿ ಸುಣ್ಣದ ಪುಡಿಯಲ್ಲಿ ಗೆರೆ ಹಾಕಬೇಕು, ನಿಂಬೆಹಣ್ಣು ಹಿಂಡಬೇಕು, ಸೇಫ್ಟಿ ಪಿನ್ನು ಎಣಿಸಿ ಇಡಬೇಕು. ಉಳಿದ ಹೊತ್ತೆಲ್ಲ ಹುಡುಗಿಯರ ಅಪ್ಪಂದಿರಿಗೆ ಫೋನು ಮಾಡುವುದು. “ನಿಮ್ಮ ಮಗಳು ಟೂರ್ನಮೆಂಟಿಗೆ ಬರಲಿ, ಜೊತೆಗೆ ನಾನಿರ್ತೀನಿ, ನಾನೇ ವಾಪಸ್ ಕರ್ಕೊಂಡು ಬರ್ತೀನಿ” ಎಂದು ಒಂದೇ ಮಾತನ್ನು ಮೂವತ್ತು ವರ್ಷ ಹೇಳಿದ್ದೇನೆ. ಈ ಕೆಲಸದ ಅರ್ಧಭಾಗ ಅದೇ.

ನನ್ನ ಮೊದಲ ಎಡವಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಸೇರಿದ ವರ್ಷವೇ ವಾರ್ಷಿಕ ಕ್ರೀಡಾಕೂಟ. ನಮ್ಮ ಹುಲ್ಲಿನ ಮೈದಾನದಲ್ಲಿ ಇನ್ನೂರು ಮೀಟರಿನ ಓಟದ ಸುತ್ತನ್ನು ನಾನೇ ಅಳೆದು ಹಾಕಿಸಿದೆ. ಆ ದಿನ ಓಡಿದ ಹುಡುಗಿಯರೆಲ್ಲ ಕಾಲೇಜಿನ ದಾಖಲೆ ಮುರಿದರು. ನನ್ನ ಖುಷಿಗೆ ಮೇರೆಯಿಲ್ಲ. ಮರುದಿನ ಬೆಳಗ್ಗೆ ರಾಮ್‌ಫಲ್ ಹೆಜ್ಜೆ ಹಾಕಿ ಅಳೆದು ಬಂದು, “ಮೇಡಂಜೀ, ಬೇಜಾರು ಮಾಡ್ಕೋಬೇಡಿ, ಸುತ್ತು ಚಿಕ್ಕದಾಗಿದೆ” ಎಂದರು. ಟೇಪು ಹಿಡಿದು ನೋಡಿದರೆ ಆರು ಮೀಟರು ಕಡಿಮೆ! ಪ್ರಾರ್ಥನೆಯ ಹೊತ್ತಿಗೆ ಎಲ್ಲರೆದುರು ನಿಂತು ಒಂದೊಂದೇ ದಾಖಲೆಯನ್ನು ರದ್ದು ಮಾಡಿದೆ. ಆವತ್ತಿನಿಂದ ಟೇಪು ಮತ್ತು ಸ್ಟಾಪ್‌ವಾಚ್ ಬಿಟ್ಟು ಬೇರೆ ಯಾವುದನ್ನೂ ನಂಬಬಾರದು ಎಂದು ತೀರ್ಮಾನಿಸಿದೆ. ಮುಂದಿನ ದೊಡ್ಡ ತಪ್ಪು ಹುಟ್ಟಿದ್ದೇ ಆ ತೀರ್ಮಾನದಿಂದ.

ದೆಹಲಿಗೆ ಮೆಟ್ರೋ ಹೊಸದಾಗಿ ಬಂದಿದ್ದ ವರ್ಷಗಳು. ಆ ಜೂನ್‌ನಲ್ಲಿ ಓಟದ ವಿಭಾಗಕ್ಕೆ ನಮಗಿದ್ದದ್ದು ಒಂದೇ ಸೀಟು. ಕ್ರೀಡಾ ಕೋಟಾ ಎಂದರೆ, ಅಂಕ ಕಡಿಮೆಯಿದ್ದರೂ ಆಟದಲ್ಲಿ ಮುಂದಿರುವವರಿಗೆ ಮೀಸಲಿಟ್ಟ ಜಾಗ. ಒಂದು ಸೀಟಿಗೆ ನಲವತ್ತಕ್ಕೂ ಹೆಚ್ಚು ಹುಡುಗಿಯರು. ಬೆಳಗ್ಗೆ ಐದೂವರೆಗೇ ಶುರುಮಾಡಿದರೂ ಎಂಟು ಗಂಟೆಯಷ್ಟರಲ್ಲಿ ನೆಲ ಕಾದಿತ್ತು. ಎಂಟುನೂರು ಮೀಟರಿನ ಕೊನೆಯ ಗುಂಪು ಓಡುವಾಗ ಬೇಲಿಯ ಆಚೆ ನಿಂತಿದ್ದ ಒಬ್ಬ ಹುಡುಗಿಯ ಕಂಕುಳಲ್ಲಿ ಒಂದು ಮಗು ಚೀರಿಡುತ್ತಿತ್ತು. “ಯಾರಮ್ಮಾ ಅದು? ಮಗೂನ ಈ ಬಿಸಿಲಲ್ಲಿ ಯಾಕೆ ಎತ್ಕೊಂಡು ನಿಂತಿದ್ದೀಯಾ, ನೆರಳಿಗೆ ಹೋಗು” ಎಂದು ಗದರಿದೆ. ಅವಳು ಹೆದರಿ ಮರದ ಹಿಂದೆ ಸರಿದಳು.

ಆ ಗುಂಪಿನಲ್ಲಿ ಇಬ್ಬರು ಉಳಿದವರನ್ನು ಬಹಳ ಹಿಂದೆ ಬಿಟ್ಟು ಓಡಿದರು. ಮುಂದಿದ್ದವಳು ಹರಿಯಾಣದ ಸೋನಿಪತ್ ಕಡೆಯ ಹಳ್ಳಿಯವಳು. ಅರ್ಜಿಯಲ್ಲಿ ಹೆಸರು ಪೂನಂ. ಬರಿಗಾಲು. ಅವಳ ಹಿಂದೆಯೇ ಅಂಟಿಕೊಂಡು ಬಂದವಳು ಗೀತಾ, ತ್ರಿಲೋಕಪುರಿಯ ಬಸ್ ಕಂಡಕ್ಟರೊಬ್ಬರ ಮಗಳು. ಎರಡು ಸೆಕೆಂಡಿನ ಅಂತರದಲ್ಲಿ ಪೂನಂ ಗೆದ್ದಳು. ನಾನು ಸ್ಟಾಪ್‌ವಾಚನ್ನು ಎರಡೆರಡು ಸಲ ನೋಡಿ ಸಮಯ ಬರೆದೆ. ಅರ್ಜಿಗೆ ಪಿನ್ನು ಹೊಡೆದಿದ್ದ ಫೋಟೋದ ಕಡೆ ಕಣ್ಣು ಹಾಯಿಸಲಿಲ್ಲ. ನಲವತ್ತು ಬೆವರಿದ ಮುಖಗಳು, ನಲವತ್ತು ಮಸುಕು ಫೋಟೋಗಳು. ‘ಪರಿಶೀಲಿಸಲಾಗಿದೆ’ ಎಂಬ ಮುದ್ರೆಯ ಕೆಳಗೆ ಸಾಲಾಗಿ ಸಹಿ ಹಾಕುತ್ತಾ ಹೋದೆ.

ಪಟ್ಟಿ ಹಚ್ಚಿದ ದಿನ ಗೀತಾ ತನ್ನ ಅಪ್ಪನ ಜೊತೆ ಬಂದಳು. ಜಗಳಕ್ಕೆ ಬಂದಿರಬಹುದು ಎಂದುಕೊಂಡು ನಾನು ಮುಖ ಗಟ್ಟಿ ಮಾಡಿಕೊಂಡೆ. ಅವಳು ಕೇಳಿದ್ದೇ ಬೇರೆ.

“ಮೇಡಂಜೀ, ನಾನು ಅಂಚೆ ಮೂಲಕ ಡಿಗ್ರಿ ಓದ್ತೀನಿ. ಆದರೆ ನಮ್ಮ ಕಡೆ ಓಡೋಕೆ ಜಾಗ ಇಲ್ಲ. ಬೆಳಗ್ಗೆ ನಿಮ್ಮ ಹುಡುಗೀರ ಜೊತೆ ಓಡಲಾ?”

ಹೊರಗಿನವರನ್ನು ಒಳಗೆ ಬಿಡುವ ನಿಯಮವಿರಲಿಲ್ಲ. ಗೇಟಿನ ಕಾವಲುಗಾರನಿಗೆ ಹೇಳಿ ಬಿಡಿಸಿದೆ. ಎರಡು ಬಸ್ಸು ಬದಲಿಸಿ ಬೆಳಗ್ಗೆ ಆರಕ್ಕೆ ಸರಿಯಾಗಿ ಬಂದು ನಿಲ್ಲುತ್ತಿದ್ದಳು.

ಬಾರದವಳು ಪೂನಂ. ಕಾಲೇಜು ಶುರುವಾಗಿ ಎರಡು ವಾರದ ಮೇಲೆ ನಾನೇ ಹೇಳಿ ಕಳಿಸಿದೆ. ಮುನಿರ್ಕಾದಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ರೂಮು ಮಾಡಿದ್ದಳು. ಸಣ್ಣ ಧ್ವನಿಯಲ್ಲಿ, “ಕಾಲು ನೋವು ಮೇಡಂಜೀ” ಎಂದಳು. ತೊಡೆಯ ಹಿಂಬದಿಯ ಸ್ನಾಯು ಹಿಡಿದಿರಬೇಕು ಎಂದುಕೊಂಡು ಡಾಕ್ಟರ ಹತ್ತಿರ ಕಳಿಸಿದೆ. ಅವರು ಏನೂ ಇಲ್ಲ ಎಂದರು. ಹೊಸ ಊರು, ಹುಡುಗಿ ಹೆದರಿರಬಹುದು ಎಂದು ಇನ್ನೂ ಒಂದು ವಾರ ಬಿಟ್ಟೆ. ಹಾಜರಿ ಪುಸ್ತಕದಲ್ಲಿ ‘ಗಾಯ’ ಎಂದು ನಾನೇ ಬರೆದೆ. ಕೊನೆಗೊಂದು ದಿನ ನಿಧಾನವಾಗಿಯಾದರೂ ಓಡು ಎಂದು ಮೈದಾನಕ್ಕೆ ಇಳಿಸಿದೆ. ಅರ್ಧ ಸುತ್ತಿನಲ್ಲಿ ಏದುಸಿರು ಬಿಡುತ್ತಾ ಪಕ್ಕೆ ಹಿಡಿದುಕೊಂಡು ಕೂತಳು. ಎಂಟುನೂರು ಮೀಟರನ್ನು ಬರಿಗಾಲಲ್ಲಿ ಹಾರಿದವಳು ಇವಳೇನಾ ಎಂದು ನನಗೆ ತಲೆ ಕೆಟ್ಟಿತು. ಆದರೂ, ನೀವು ನಂಬಬೇಕು, ಬೇರೆ ಯೋಚನೆ ಬರಲೇ ಇಲ್ಲ.

ಗೀತಾ ಅವಳ ಪಕ್ಕ ಕೂತು ನೀರು ಕುಡಿಸಿದಳು, ಉಸಿರು ಹೇಗೆ ಬಿಡಬೇಕೆಂದು ತೋರಿಸಿಕೊಟ್ಟಳು. ಆಮೇಲೆ ನನ್ನ ಹತ್ತಿರ ಬಂದು ನಿಂತಳು.

“ಮೇಡಂಜೀ, ಒಂದು ಮಾತು. ಆ ದಿನ ನಾಲ್ಕು ಸುತ್ತೂ ನಾನು ನೋಡ್ತಾ ಇದ್ದದ್ದು ಅವಳ ಬೆನ್ನನ್ನೇ. ಅದು ಬಿಟ್ಟರೆ ನನ್ನ ಕಣ್ಣಿಗೆ ಬೇರೇನೂ ಕಂಡಿಲ್ಲ.”

“ಹೂಂ, ಅದಕ್ಕೇನು?”

“ಇದು ಆ ಬೆನ್ನಲ್ಲ.”

ಕೈಯಲ್ಲಿದ್ದ ಸೀಟಿಯನ್ನು ಬಾಯಿಗೆ ಇಡಲು ಹೋದವಳು ಹಾಗೇ ಇಳಿಸಿದೆ. ಇಷ್ಟು ದಿನ ಕಣ್ಣೆದುರೇ ಇದ್ದದ್ದನ್ನು ಹದಿನೆಂಟರ ಹುಡುಗಿಯೊಬ್ಬಳು ಒಂದು ಮಾತಿನಲ್ಲಿ ತೋರಿಸಿದ್ದಳು.

ಪೂನಂಳನ್ನು ಸಾಮಾನಿನ ಕೋಣೆಗೆ ಕರೆದೆ. ಕದ ಮುಂದೆ ಮಾಡಿ, “ಆ ದಿನ ಓಡಿದ್ದು ಯಾರು?” ಎಂದು ಇಷ್ಟೇ ಕೇಳಿದೆ. ಅವಳು ಬೊಗಳೆ ಬಿಡಲಿಲ್ಲ. ಡಿಸ್ಕಸ್ ತಟ್ಟೆಗಳ ರಾಶಿಯ ಪಕ್ಕ ಕುಸಿದು ಕೂತಳು.

“ಜೀಜೀ ಓಡಿದಳು. ನನ್ನ ದೊಡ್ಡಕ್ಕ, ಸುದೇಶ್.”

“ನೀನೆಲ್ಲಿದ್ದೆ?”

“ಬೇಲಿ ಹತ್ತಿರ, ಜೀಜೀ ಮಗೂನ ಎತ್ಕೊಂಡಿದ್ದೆ. ನೀವು ಬೈದಿರಿ.”

ನಿಜವಾದ ಪೂನಂಳ ಮುಖವನ್ನು ನಾನು ಆಯ್ಕೆಯ ದಿನವೇ ನೋಡಿದ್ದೆ. ನೋಡಿ, ನೆರಳಿಗೆ ಹೋಗು ಎಂದು ಓಡಿಸಿದ್ದೆ. ಓಡಿದವಳು ಐದು ತಿಂಗಳ ಮಗುವಿನ ತಾಯಿ. ಅವಳ ಸಮಯವನ್ನು ನಾನೇ ನನ್ನ ಕೈಯಾರೆ ಬರೆದು ಕೆಳಗೆ ಗೆರೆ ಎಳೆದಿದ್ದೆ. ಪೂನಂಗೆ ಜಿಲ್ಲಾ ಶಾಲಾ ಕ್ರೀಡಾಕೂಟದ ಒಂದು ಪ್ರಮಾಣಪತ್ರವೇನೋ ಇತ್ತು. ಖೋಖೋ ತಂಡಕ್ಕೆ ಹೆಚ್ಚುವರಿ ಆಟಗಾರ್ತಿಯಾಗಿ ಹೋಗಿ ಬೆಂಚಿನ ಮೇಲೆ ಕೂತು ಬಂದದ್ದಕ್ಕೆ ಸಿಕ್ಕಿದ್ದಂತೆ. ಫೋಟೋ ಅವಳದೇ, ಹೆಸರು ಅವಳದೇ, ಹಾಗಾಗಿ ಕಚೇರಿಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಓಡಿದವಳ ಮುಖಕ್ಕೂ ಫೋಟೋಕ್ಕೂ ತಾಳೆ ನೋಡಬೇಕಾದವಳು ನಾನೊಬ್ಬಳೇ.

ನೇರವಾಗಿ ಪ್ರಿನ್ಸಿಪಾಲರ ಹತ್ತಿರ ಹೋದೆ. ಇಂಗ್ಲಿಷ್ ಪ್ರಾಧ್ಯಾಪಕಿ, ಬಹಳ ಶಿಸ್ತಿನವರು. ಕಾಲೇಜಿನಲ್ಲಿ ಯಾರೂ ಅವರು ಧ್ವನಿ ಎತ್ತಿದ್ದನ್ನು ಕೇಳಿಲ್ಲ. ತಪ್ಪಾಯಿತು ಎಂದು ಅವರು ಹೇಳಿದ್ದನ್ನೂ ಕೇಳಿಲ್ಲ. ನಾನು ಹೇಳಿದ್ದನ್ನೆಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ದೇಖಿಯೇ ವನಮಾಲಾಜೀ, ಆಯ್ಕೆ ಪಟ್ಟಿಗೆ ಸಹಿ ಯಾರದು?”

“ನನ್ನದು ಮೇಡಂ.”

“ಪ್ರವೇಶದ ಕೊನೆ ದಿನ ಮುಗಿದಿದೆ. ಈಗ ಆ ಹುಡುಗಿಯನ್ನು ತೆಗೆದರೆ ಸೀಟು ಖಾಲಿ ಉಳಿಯುತ್ತೆ, ಎರಡನೆಯವಳಿಗೆ ಸಿಗಲ್ಲ. ಪತ್ರಿಕೆಯಲ್ಲಿ ನಮ್ಮ ಹೆಸರು ಬರುತ್ತೆ. ನಿಮ್ಮದೂ ಬರುತ್ತೆ. ಯಾರಿಗೆ ಲಾಭ? ಈ ವರ್ಷ ಗಾಯ ಅಂತ ಬರೆಯಿರಿ. ಮುಂದಿನ ವರ್ಷ ಆಟ ಬಿಟ್ಟಳು ಅಂತ ಬರೆಯಿರಿ. ಓದೋ ಹುಡುಗಿ, ಓದಿಕೊಳ್ಳಲಿ. ಚಲಿಯೇ, ಹೋಗಿ ಬನ್ನಿ.”

ಆ ಮಾತು ಕೇಳಿ ನನಗೆ ಆಘಾತವಾಗಬೇಕಿತ್ತು. ಆಗಲಿಲ್ಲ. ಹಾಯೆನಿಸಿತು. ಇವತ್ತು ನೆನೆಸಿಕೊಂಡರೆ ನನ್ನನ್ನು ನಡುಗಿಸುವುದು ಅದೇ. ಕೋಣೆಗೆ ಬಂದು ಹಾಜರಿ ಪುಸ್ತಕ ತೆರೆದು, ಗಾಯವಿಲ್ಲವೆಂದು ಗೊತ್ತಿದ್ದೂ ‘ಗಾಯ’ ಎಂದು ಬರೆದೆ. ಮೊದಲು ಬರೆದದ್ದು ಅಜ್ಞಾನ. ಈ ಸಲ ಬರೆದದ್ದು ಸುಳ್ಳು.

ಮರುದಿನ ಬೆಳಗ್ಗೆ ಗೀತಾ ಕೇಳಿದಳು.

“ವಿಚಾರಿಸಿದಿರಾ ಮೇಡಂಜೀ?”

“ವಿಚಾರಿಸಿದೆ. ಅವಳೇ. ನಿನಗೆ ಭ್ರಮೆ.”

ಅವಳು ನನ್ನ ಮುಖವನ್ನೇ ಒಂದು ಕ್ಷಣ ನೋಡಿದಳು. “ಅಚ್ಛಾ, ಮೇಡಂಜೀ” ಎಂದು ಕೂತು ಬೂಟಿನ ದಾರ ಬಿಗಿದುಕೊಂಡಳು. ಎದ್ದು ಓಡಲು ಹೋದಳು.

ಸಂಜೆ ಮನೆಯಲ್ಲಿ ಕಾಫಿ ಕೊಡುತ್ತಾ ಯಜಮಾನರಿಗೆ ಎಲ್ಲ ಹೇಳಿದೆ. ಅವರು ಉಪದೇಶ ಮಾಡುವವರಲ್ಲ. ಸುಮ್ಮನೆ ಕಾಫಿ ಕುಡಿದು ಮುಗಿಸಿ ಲೋಟ ಕೆಳಗಿಟ್ಟರು.

“ನಾನು ಫೈಲಿನ ಮನುಷ್ಯ ಕಣೇ. ನಂಗೆ ಗೊತ್ತಿರೋದು ಒಂದೇ. ಫೈಲಲ್ಲಿ ಒಂದು ಸುಳ್ಳು ಹೋಯ್ತು ಅಂದ್ರೆ, ಅದನ್ನ ಕಾಪಾಡೋಕೆ ವರ್ಷ ವರ್ಷ ಹೊಸಾ ನೋಟು ಬರೀತಾ ಹೋಗ್ಬೇಕು. ನಿನ್ನ ಕೈಲಿ ಆಗುತ್ತಾ?”

“ಆಗಲ್ಲ ಅನ್ಸುತ್ತೆ ರೀ. ಆದ್ರೆ ಆ ಹುಡುಗಿ ಪೂನಂ…”

“ಅವಳ ವಿಷಯ ಬಿಡು. ನಾಳೆ ಬೆಳಗ್ಗೆ ಆ ಇನ್ನೊಬ್ಳ ಮುಖ ಹ್ಯಾಗೆ ನೋಡ್ತೀಯ?”

ನಾನು ಲೋಟ ಎತ್ತಿಕೊಂಡು ಒಳಗೆ ಹೋದೆ.

ಮೂರನೆಯ ದಿನ ಬೆಳಗ್ಗೆ ಮೈದಾನದ ಬೇಲಿಯ ಬಳಿ ಪೂನಂ ನಿಂತಿದ್ದಳು. ಜೊತೆಗೆ ಮಗು ಎತ್ತಿಕೊಂಡ ಇನ್ನೊಬ್ಬಳು. ಸಲ್ವಾರ್ ಕಮೀಜ್, ತಲೆಯ ಮೇಲೆ ದುಪಟ್ಟಾ, ಕೈತುಂಬ ಬಳೆ. ತಂಗಿ ಹೇಳಿ ಕಳಿಸಿದ್ದಕ್ಕೆ, ಗಂಡನ ಮನೆಯಲ್ಲಿ ತವರಿಗೆ ಹೋಗಿ ಬರುತ್ತೇನೆಂದು ಹೇಳಿ ನಸುಕಿನ ಬಸ್ಸು ಹಿಡಿದು ಬಂದಿದ್ದಳಂತೆ. ಮುಖ ನೋಡಿದೊಡನೆ ಗುರುತು ಹತ್ತಿತು. ಹೋಲಿಕೆ ಇದ್ದದ್ದು ನಿಜ, ಆದರೆ ಮೂಗು ಬೇರೆ, ಗಲ್ಲ ಬೇರೆ. ಒಂದೇ ಒಂದು ಸಲ ಫೋಟೋ ನೋಡಿದ್ದರೆ ಸಾಕಿತ್ತು.

“ಶಿಕ್ಷೆ ಕೊಡೋದಾದರೆ ನನಗೆ ಕೊಡಿ ಮೇಡಂಜೀ” ಎಂದಳು ಸುದೇಶ್. “ತಂಗಿ ಬೇಡ ಬೇಡ ಅಂದಳು. ನಾನೇ ಎಳ್ಕೊಂಡು ಬಂದೆ.”

“ಯಾಕೆ ಮಾಡಿದೆ ಹೀಗೆ?”

“ಇವಳು ಓದ್ತಾಳೆ. ಸ್ವಲ್ಪ ಅಂಕ ಕಡಿಮೆ ಬಿತ್ತು. ಸೀಟು ಸಿಗದಿದ್ರೆ ಮದುವೆ ಅಂತ ಬಾಪೂ ಗಂಡು ನೋಡಿ ಆಗಿತ್ತು. ನಾನು ಶಾಲೇಲಿ ರಾಜ್ಯ ಮಟ್ಟಕ್ಕೆ ಓಡಿದವಳು ಮೇಡಂಜೀ. ಹನ್ನೆರಡನೇ ಕ್ಲಾಸು ಮುಗಿದ ತಿಂಗಳೇ ನನ್ನ ಮದುವೆ ಆಯ್ತು. ನನ್ನ ಓಟ ನಮ್ಮನೇಲಿ ಯಾರಿಗೂ ಬೇಕಾಗಿರಲಿಲ್ಲ. ಇವಳ ಉಪಯೋಗಕ್ಕಾದರೂ ಬರಲಿ ಅಂದುಕೊಂಡೆ.”

“ಅಭ್ಯಾಸ?”

“ಬೆಳಗ್ಗೆ ಹೊಲಕ್ಕೆ ಹೋಗೋವಾಗ ಯಾರೂ ಇಲ್ಲದ ಕಡೆ ಓಡ್ತೀನಿ. ಅತ್ತೆಗೆ ಗೊತ್ತಿಲ್ಲ.”

ನಾನು ಬಯಸಿ ಬಯಸಿ ಹುಡುಕುತ್ತಿದ್ದಂಥ ಓಟಗಾರ್ತಿ ಕೈಯಲ್ಲಿ ಮಗು ಹಿಡಿದು ಅಪರಾಧಿಯಂತೆ ನಿಂತಿದ್ದಳು. ನಿನಗೇನು ಬೇಕು ಎಂದು ಅವಳನ್ನು ಇಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳು ಕೊನೆಗೆ ಕದ್ದು ಓಡಿದ್ದೂ ಬೇರೆಯವರ ಹೆಸರಿನಲ್ಲೇ.

ಅಷ್ಟರಲ್ಲಿ ಸುತ್ತು ಮುಗಿಸಿ ಬಂದ ಗೀತಾ ನಮ್ಮನ್ನು ನೋಡಿದಳು. ಸುದೇಶ್‌ಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟಕ್ಕಿಂತ ಅವಳು ಕೆನ್ನೆಗೆ ಬಾರಿಸಿದ್ದರೆ ವಾಸಿಯಿತ್ತು.

“ಭ್ರಮೆ ಅಂದ್ರಲ್ಲ ಮೇಡಂಜೀ.”

ನಾನು ತಲೆ ತಗ್ಗಿಸಿದೆ. ಗೀತಾ ಸುದೇಶ್ ಕಡೆ ತಿರುಗಿದಳು.

“ಓಡು. ಈಗ, ನನ್ನ ಜೊತೆ. ನಾಲ್ಕು ಸುತ್ತು.”

ತಡೆಯಬೇಕಾದವಳು ನಾನು. ತಡೆಯಲಿಲ್ಲ. ಸುದೇಶ್ ಒಂದು ಕ್ಷಣ ಹಿಂದೆ ಮುಂದೆ ನೋಡಿದಳು. ಆಮೇಲೆ ಚಪ್ಪಲಿ ಬಿಟ್ಟಳು. ಬಳೆಗಳನ್ನು ಮೊಣಕೈಯತ್ತ ಏರಿಸಿಕೊಂಡು ದುಪಟ್ಟಾವನ್ನು ಸೊಂಟಕ್ಕೆ ಬಿಗಿದಳು. ಮಗುವನ್ನು ಎತ್ತಿ ನನ್ನ ಕೈಗಿಟ್ಟಳು. ರಾಮ್‌ಫಲ್ ಹುಲ್ಲು ಗುಡಿಸುವುದನ್ನು ನಿಲ್ಲಿಸಿ, ಯಾರೂ ಹೇಳದೆಯೇ ಗೆರೆಯ ಹತ್ತಿರ ಬಂದು ಸುತ್ತು ಎಣಿಸಲು ನಿಂತರು.

ಮೂರು ಸುತ್ತು ಸುದೇಶ್ ಮುಂದಿದ್ದಳು. ಅಂಥ ಓಟವನ್ನು ನಾನು ಸ್ಟೇಡಿಯಮ್ಮಿನಲ್ಲೂ ಕಂಡವಳಲ್ಲ. ಪಾದ ನೆಲಕ್ಕೆ ತಾಗಿದ ಸದ್ದೇ ಇಲ್ಲ, ಬಳೆಯ ಸದ್ದಷ್ಟೇ. ನಾಲ್ಕನೆಯ ಸುತ್ತಿನ ತಿರುವಿನಲ್ಲಿ ಗೀತಾ ಪಕ್ಕಕ್ಕೆ ಸರಿದು ಹೊರಗಿನಿಂದ ಬಂದಳು. ಎರಡು ತಿಂಗಳು ದಿನವೂ ಓಡಿದ ಕಾಲು. ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಬಂದರು. ಗೆರೆಗೆ ಇನ್ನು ಹತ್ತು ಮಾರು ಇದೆ ಎನ್ನುವಾಗ ಗೀತಾ ಒಂದು ಹೆಜ್ಜೆ ಮುಂದಾದಳು, ಮುಂದಾಗಿಯೇ ಗೆರೆ ದಾಟಿದಳು.

ಸುದೇಶ್ ಮೊಣಕಾಲ ಮೇಲೆ ಕೈಯೂರಿ ನಿಂತು ನಗುತ್ತಿದ್ದಳು. ಉಸಿರಿನ ನಡುವೆಯೇ, “ಎಷ್ಟು ವರ್ಷ ಆಗಿತ್ತು ನಾನು ನನ್ನದೇ ಹೆಸರಲ್ಲಿ ಓಡಿ!” ಎಂದಳು. ಗೀತಾ ನಗಲಿಲ್ಲ. ಗೆರೆಯ ಆಚೆ ಕೂತು ಮೊಣಕಾಲಿಗೆ ಮುಖ ಒತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಜೂನ್‌ನಿಂದ ತಡೆದಿಟ್ಟುಕೊಂಡಿದ್ದ ಅಳು. ಪೂನಂ ಬೇಲಿಯ ಪಕ್ಕ ನಿಂತು ಅಳುತ್ತಿದ್ದಳು. ನನ್ನ ಕೈಯಲ್ಲಿದ್ದ ಮಗು ಮಾತ್ರ ನನ್ನ ಸೀಟಿಯ ದಾರ ಹಿಡಿದು ಜಗ್ಗುತ್ತಿತ್ತು.

ಆ ದಿನ ಮಧ್ಯಾಹ್ನವೇ ಪತ್ರ ಬರೆದೆ. ಆಯ್ಕೆಯಲ್ಲಿ ಓಡಿದವಳು ಪೂನಂ ಅಲ್ಲ, ಅವಳ ಅಕ್ಕ ಸುದೇಶ್, ಫೋಟೋ ತಾಳೆ ನೋಡದೆ ಸಹಿ ಹಾಕಿದವಳು ನಾನು, ವಿಷಯ ತಿಳಿದ ಮೇಲೂ ಹಾಜರಿ ಪುಸ್ತಕದಲ್ಲಿ ಸುಳ್ಳು ಬರೆದವಳೂ ನಾನು ಎಂದು ಮೂರನ್ನೂ ಬರೆದೆ. ಪ್ರಿನ್ಸಿಪಾಲರು ಹೇಳಿದ್ದನ್ನು ಬರೆಯಲಿಲ್ಲ. ಲೇಖನಿ ನನ್ನ ಕೈಯಲ್ಲಿತ್ತು, ಬರೆದವಳು ನಾನು. ಅವರು ಪತ್ರ ಓದಿ, “ಇದರಿಂದ ಒಬ್ಬ ಹುಡುಗಿಗಾದರೂ ಒಳ್ಳೆಯದಾಗುತ್ತೆ ಅಂದುಕೊಂಡಿದ್ದೀರಾ?” ಎಂದಷ್ಟೇ ಕೇಳಿದರು.

ಅವರ ಮಾತು ಅಕ್ಷರಶಃ ನಿಜವಾಯಿತು. ಪೂನಂಳ ಪ್ರವೇಶ ರದ್ದಾಯಿತು. ದಿನಾಂಕ ಮುಗಿದಿದ್ದರಿಂದ ಗೀತಾಗೆ ಸೀಟು ಸಿಗಲಿಲ್ಲ. ಅದು ವರ್ಷವಿಡೀ ಖಾಲಿಯಿತ್ತು. ಅದನ್ನು ಹೇಳಲು ಬಾಯಿ ತೆರೆದಾಗ ಗೀತಾ, “ಗೊತ್ತು ಮೇಡಂಜೀ, ಕಚೇರೀಲಿ ಕೇಳಿದೆ” ಎಂದು ಬ್ಯಾಗು ಹೆಗಲಿಗೇರಿಸಿದಳು. ಮರುದಿನದಿಂದ ನಮ್ಮ ಮೈದಾನಕ್ಕೆ ಬರಲಿಲ್ಲ. ನನಗೆ ಮೆಮೊ ಬಂತು, ವಿಚಾರಣೆ ನಡೆಯಿತು. ಅದರ ಕಥೆ ದೊಡ್ಡದಲ್ಲ.

ದೊಡ್ಡದು ಇನ್ನೊಂದು. ದೀಪಾವಳಿಯ ನಂತರ ಪೂನಂ ಒಂದು ಬೂತಿನಿಂದ ಫೋನು ಮಾಡಿದಳು. ಕಾಲೇಜಿನ ರದ್ದತಿಯ ಪತ್ರದಲ್ಲಿ ಅಕ್ಕನ ಹೆಸರೂ ಇತ್ತು. ಅದು ಹಳ್ಳಿಯ ಮನೆಗೆ ಹೋಗಿ, ಅಲ್ಲಿಂದ ಅಕ್ಕನ ಗಂಡನ ಮನೆಯವರ ಕೈ ಸೇರಿತಂತೆ.

“ಜೀಜೀನ ತವರಿಗೆ ಕಳಿಸ್ತಾ ಇಲ್ಲ ಮೇಡಂಜೀ. ಹೊಲಕ್ಕೂ ಒಬ್ಬಳನ್ನೇ ಬಿಡಲ್ಲ.”

“ಏನಾದ್ರೂ ಹೇಳಿದ್ಲಾ ನನಗೆ?”

“ಮೇಡಂಗೆ ಬೈಬೇಡ ಅಂದಳು.”

ಸತ್ಯ ಹೇಳಿದರೆ ಮನಸ್ಸು ಹಗುರಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನನಗೆ ಹಾಗಾಗಲಿಲ್ಲ. ಆ ಪತ್ರದಲ್ಲಿ ಅವಳ ಹೆಸರು ಬರದಂತೆ ನೋಡಿಕೊಳ್ಳಬಹುದಿತ್ತಲ್ಲ ಎಂಬ ಯೋಚನೆ ನನಗೆ ಹೊಳೆದದ್ದೇ ಆ ಫೋನು ಬಂದ ಮೇಲೆ. ಪೂನಂ ಮುಂದೆ ರೋಹ್ತಕ್ ಕಡೆಯ ಕಾಲೇಜಿನಲ್ಲಿ ಓದಿ ಶಾಲೆಯಲ್ಲಿ ಟೀಚರಾದಳು, ಒಮ್ಮೆ ಸಿಹಿ ಕಳಿಸಿದ್ದಳು. ಸುದೇಶ್ ವಿಷಯ ಕೇಳಿದರೆ “ಚೆನ್ನಾಗಿದ್ದಾಳೆ” ಎನ್ನುವುದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ. ಓಡುತ್ತಾಳೆಯೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಮುಂದಿನ ಜೂನ್‌ನಲ್ಲಿ ಆಯ್ಕೆಯ ಪದ್ಧತಿ ಬದಲಿಸಿದೆ. ಹೊಸದಾಗಿ ಕೆಲಸಕ್ಕೆ ಬಂದವರು ಇದನ್ನು ಗಮನಿಸಬೇಕು. ಗೆರೆಯ ಮೇಲೆ ನಿಂತ ಪ್ರತಿ ಹುಡುಗಿಯ ಮುಖದ ಪಕ್ಕ ಅವಳ ಅರ್ಜಿ ಹಿಡಿದು ನೋಡುವುದು. ಓಟ ಮುಗಿದ ಮೇಲೆ ಮತ್ತೊಮ್ಮೆ ನೋಡುವುದು. ಅಲ್ಲೇ ಏದುಸಿರಿನಲ್ಲೇ ಸಹಿ ಹಾಕಿಸಿಕೊಳ್ಳುವುದು. ಎದೆಯ ನಂಬರಿನ ಸಮೇತ ಫೋಟೋ ತೆಗೆಯುವುದು. ಅದಕ್ಕೆ ಮನೆಯ ಕ್ಯಾಮರಾವನ್ನೇ ಒಯ್ದಿದ್ದೆ. ಇಷ್ಟೇ ಅಲ್ಲ. ಬೇಲಿಯ ಆಚೆ ನಿಂತವರ ಹತ್ತಿರವೂ ಹೋಗಿ, ನೀನು ಯಾರು, ನೀನು ಯಾಕೆ ಓಡುತ್ತಿಲ್ಲ ಎಂದು ಕೇಳುತ್ತಿದ್ದೆ. ಆ ಪ್ರಶ್ನೆಯಿಂದ ಮುಂದಿನ ವರ್ಷಗಳಲ್ಲಿ ಇಬ್ಬರು ಒಳ್ಳೆಯ ಆಟಗಾರ್ತಿಯರು ಸಿಕ್ಕರು. ಅಕ್ಕಂದಿರ ಜೊತೆ ಬರೀ ನೋಡಲು ಬಂದಿದ್ದವರು.

ಆ ಜೂನ್‌ನಲ್ಲಿ ಅರ್ಜಿಗಳ ಕಟ್ಟನ್ನು ಮೂರು ಸಲ ಹುಡುಕಿದೆ. ಗೀತಾಳ ಅರ್ಜಿ ಇರಲಿಲ್ಲ. ನಾನೇ ತ್ರಿಲೋಕಪುರಿಗೆ ಹೋಗಿ ಅವಳ ಮನೆ ಪತ್ತೆ ಮಾಡಿದೆ. ಅವಳ ಅಪ್ಪ ಕುರ್ಚಿ ಹಾಕಿ ಚಹಾ ಕೊಟ್ಟರು. ಗೀತಾ ಬಾಗಿಲಿಗೆ ಒರಗಿ ನಿಂತಿದ್ದಳು.

“ನಿಮ್ಮ ಕಾಲೇಜಿನ ಫಾರಂ ತಗೊಂಡಿಲ್ಲ ಮೇಡಂಜೀ. ಬೇರೆ ಕಡೆ ಓಡ್ತೀನಿ.”

“ನನ್ನ ಮೇಲೆ ಕೋಪಾನಾ?”

ಅವಳು ಸ್ವಲ್ಪ ಯೋಚಿಸಿದಳು.

“ಕೋಪ ಇಲ್ಲ. ನೀವು ಆಮೇಲೆ ಸತ್ಯ ಬರೆದಿರಿ ಅಂತ ರಾಮ್‌ಫಲ್ ಚಾಚಾ ಹೇಳಿದರು. ಆದ್ರೆ ಮೊದಲು ಭ್ರಮೆ ಅಂದಿರಿ. ಅಲ್ಲಿ ಓಡೋವಾಗ ನಂಗೆ ಅದೇ ನೆನಪಾಗುತ್ತೆ.”

ಚಹಾ ಕುಡಿದು ಎದ್ದು ಬಂದೆ. ಅವಳು ಹೇಳಿದ್ದರಲ್ಲಿ ಒಂದು ಅಕ್ಷರ ತಪ್ಪಿರಲಿಲ್ಲ.

ಆ ಚಳಿಗಾಲದಲ್ಲಿ ಅಂತರ ಕಾಲೇಜು ಕ್ರೀಡಾಕೂಟ. ದೊಡ್ಡ ಸ್ಟೇಡಿಯಂ, ಮಂಜು ಕರಗಿ ಎಳೆಬಿಸಿಲು ಬಿದ್ದ ಹೊತ್ತು. ಅತಿಥಿಗಳ ಸಾಲಿನಲ್ಲಿ ನಮ್ಮ ಪ್ರಿನ್ಸಿಪಾಲ್ ಮೇಡಂ ಶಾಲು ಹೊದ್ದು ಕೂತಿದ್ದರು, ಪಕ್ಕದಲ್ಲಿ ನಾನು. ಎಂಟುನೂರು ಮೀಟರಿನ ಅಂತಿಮ ಓಟಕ್ಕೆ ನಮ್ಮ ಹೊಸ ಹುಡುಗಿಯೂ ಬಂದಿದ್ದಳು. ಅವಳ ಮೇಲೆ ನಮಗೆ ಬಹಳ ಭರವಸೆಯಿತ್ತು. ಪಕ್ಕದ ಲೇನಿನಲ್ಲಿ ಇನ್ನೊಂದು ಕಾಲೇಜಿನ ನೀಲಿ ಬನಿಯನ್ನಿನಲ್ಲಿ ಗೀತಾ.

ಅದನ್ನು ಓಟ ಎನ್ನಬೇಕೋ ಏನೆನ್ನಬೇಕೋ. ಮೊದಲ ಸುತ್ತಿನಲ್ಲಿ ನಮ್ಮವಳು ಮುಂದಿದ್ದಳು. ಕೊನೆಯ ಸುತ್ತಿನ ಗಂಟೆ ಹೊಡೆದದ್ದೇ ತಡ ಗೀತಾ ಹೊರಟಳು. ಕೊನೆಯ ನೂರು ಮೀಟರಿನಲ್ಲಿ ಅವಳ ಹತ್ತಿರ ಯಾರೂ ಇರಲಿಲ್ಲ. ಸ್ಟೇಡಿಯಮ್ಮಿಗೆ ಸ್ಟೇಡಿಯಮ್ಮೇ ಎದ್ದು ನಿಂತಿತು. ನಾನೂ ಎದ್ದೆ, ಕೈ ತನ್ನಷ್ಟಕ್ಕೆ ಚಪ್ಪಾಳೆ ತಟ್ಟುತ್ತಿತ್ತು. ಸೋತದ್ದು ನಮ್ಮ ಕಾಲೇಜು ಎಂಬುದು ಆಮೇಲೆ ನೆನಪಾಯಿತು.

ಪ್ರಿನ್ಸಿಪಾಲ್ ಮೇಡಂ ನನ್ನ ತೋಳು ಹಿಡಿದೆಳೆದರು.

“ವನಮಾಲಾಜೀ, ಯಾರು ಈ ಹುಡುಗಿ? ಇಂಥವಳನ್ನ ನಾವು ಯಾಕೆ ತಗೊಳ್ಳಲಿಲ್ಲ?”

“ಹೋದ ವರ್ಷ ನಮ್ಮ ಪಟ್ಟಿಯಲ್ಲಿ ಎರಡನೆಯವಳಾಗಿದ್ದಳು ಮೇಡಂ.”

ಅವರು ಕೈಯಲ್ಲಿದ್ದ ಕಾರ್ಯಕ್ರಮದ ಪಟ್ಟಿಯನ್ನು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. “ಕರೆಯಿರಿ ಅವಳನ್ನ” ಎಂದರು.

ಗೀತಾ ಕೊರಳಿಗೆ ಟವೆಲ್ಲು ಸುತ್ತಿಕೊಂಡು ಮೆಟ್ಟಿಲು ಹತ್ತಿ ಬಂದು ಕೈ ಮುಗಿದಳು. ಪ್ರಿನ್ಸಿಪಾಲ್ ಮೇಡಂ ಎದ್ದು ನಿಂತರು. ಆಸುಪಾಸಿನ ಕಾಲೇಜುಗಳ ಪ್ರಿನ್ಸಿಪಾಲರೆಲ್ಲ ನೋಡುತ್ತಿದ್ದರು.

“ನನ್ನಿಂದ ತಪ್ಪಾಯಿತು ಬೇಟಾ” ಎಂದರು.

ಆ ಮಾತು ಅವರ ಬಾಯಿಂದ ಬಂದದ್ದಕ್ಕೆ ನಾನು ಬೆಚ್ಚಿದೆ. ಗೀತಾ ಏನನ್ನುತ್ತಾಳೋ ಎಂದು ಇನ್ನೂ ಹೆದರಿದೆ. ಅವಳು ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕೆಳಗೆ ಟ್ರ್ಯಾಕಿನ ಅಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ ನಮ್ಮ ಹುಡುಗಿಯ ಕಡೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

“ಅವಳಿಗೆ ಕಾಲು ಚೆನ್ನಾಗಿದೆ ಮೇಡಂಜೀ, ಉಸಿರು ಸಾಲಲ್ಲ. ವಾರಕ್ಕೆ ಎರಡು ದಿನ ಏರಿನ ಮೇಲೆ ಓಡಿಸಿ.”

ಮರುದಿನ ಬೆಳಗ್ಗೆ ನಮ್ಮ ಹುಡುಗಿಯನ್ನು ಕರೆದುಕೊಂಡು ರಿಜ್ ಕಾಡಿನ ಏರಿಗೆ ಹೋದೆ.